ಮಹಿಳಾ ಕೀರಿನ್ ಓಟವನ್ನು ನೋಡುವ ಬಗೆ

ವಿಶ್ವ ಟ್ರ್ಯಾಕ್ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಕೀರಿನ್ ಓಟವನ್ನು ಮೊದಲ ಬಾರಿಗೆ ನೋಡುವವರಿಗೆ ಅರ್ಧ ಓಟ ಮುಗಿಯುವವರೆಗೂ ಏನೂ ನಡೆಯುತ್ತಿಲ್ಲವೆಂದೇ ಅನಿಸುತ್ತದೆ. ಆರು ಮಂದಿ ಸ್ಪರ್ಧಿಗಳು ಸಣ್ಣ ಮೋಟಾರು ಸೈಕಲ್ಲೊಂದರ ಹಿಂದೆ ಸಾಲಾಗಿ ಸಾಗುತ್ತಿರುತ್ತಾರೆ, ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ. ಆಮೇಲೆ ಆ ವಾಹನ ಪಕ್ಕಕ್ಕೆ ಸರಿಯುತ್ತದೆ ಮತ್ತು ಸುಮಾರು ಮುಕ್ಕಾಲು ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಗೆದ್ದವರು ಯಾರೆಂಬುದು ತಿಳಿಯುತ್ತದೆ, ಏಕೆ ಗೆದ್ದರೆಂಬುದು ತಿಳಿಯುವುದಿಲ್ಲ. ಇದಕ್ಕೆ ಕಾರಣ, ನಮ್ಮ ಕಣ್ಣು ಸಹಜವಾಗಿಯೇ ಮುಂದಿರುವವರ ಮೇಲೆ ನೆಟ್ಟಿರುವುದು. ಕೀರಿನ್‌ನಲ್ಲಿ ನೋಡಬೇಕಾದದ್ದು ಎರಡನೆಯ, ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು.

ಮೊದಲು ಓಟದ ಚೌಕಟ್ಟನ್ನು ತಿಳಿದುಕೊಳ್ಳಿ. ವಿಶ್ವ ಮಟ್ಟದ ಸ್ಪರ್ಧೆಗಳು ನಡೆಯುವ ಒಳಾಂಗಣ ಟ್ರ್ಯಾಕ್‌ನ ಒಂದು ಸುತ್ತು 250 ಮೀಟರ್. ಕೀರಿನ್ ಆರು ಸುತ್ತುಗಳ, ಅಂದರೆ 1500 ಮೀಟರ್‌ಗಳ ಓಟ. ಡರ್ನಿ ಎಂದು ಕರೆಯಲಾಗುವ ಮೋಟಾರು ಸೈಕಲ್ ಮೊದಲ ಮೂರು ಸುತ್ತು ಮುಂದಿದ್ದು, ಕ್ರಮೇಣ ವೇಗ ಹೆಚ್ಚಿಸುತ್ತ ಗಂಟೆಗೆ ಸುಮಾರು 50 ಕಿಲೊಮೀಟರ್ ತಲುಪಿದ ಬಳಿಕ ಟ್ರ್ಯಾಕ್‌ನಿಂದ ಹೊರಬೀಳುತ್ತದೆ. ಅದು ಹೊರಬೀಳುವ ಮುನ್ನ ಅದನ್ನು ದಾಟಿದವರು ಸ್ಪರ್ಧೆಯಿಂದಲೇ ಹೊರಗುಳಿಯಬೇಕಾಗಬಹುದು. ಸ್ಪರ್ಧಿಗಳ ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರ್ ಬದಲಿಸುವ ಅನುಕೂಲವೂ ಇಲ್ಲ. ಚಕ್ರ ಉರುಳುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಆದ್ದರಿಂದ ದೊಡ್ಡ ಗೇರ್ ಹಾಕಿಕೊಂಡು ಬಂದವರು ನಿಧಾನವಾಗಿ ವೇಗ ಪಡೆದು ಅದನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಬಲ್ಲರು, ಚಿಕ್ಕ ಗೇರ್‌ನವರು ತಟ್ಟನೆ ಚಿಮ್ಮಬಲ್ಲರು. ಈ ಆಯ್ಕೆ ಓಟಕ್ಕೆ ಮೊದಲೇ ಮುಗಿದಿರುತ್ತದೆ.

ಟ್ರ್ಯಾಕ್‌ನ ಮೇಲಿನ ಗೆರೆಗಳನ್ನು ಗುರುತಿಸಲು ಕಲಿಯದಿದ್ದರೆ ಉಳಿದ ಯಾವುದೂ ಅರ್ಥವಾಗದು. ತೀರ ಒಳಗಿರುವ ನೀಲಿ ಪಟ್ಟಿ ಓಟದ ಭಾಗವಲ್ಲ. ಅದರ ಪಕ್ಕದ ಕಪ್ಪು ಗೆರೆ ಸುತ್ತಿನ ಉದ್ದವನ್ನು ಅಳೆಯುವ ಗೆರೆ. ಅದಕ್ಕಿಂತ ಸ್ವಲ್ಪ ಮೇಲಿರುವುದು ಕೆಂಪು ಗೆರೆ. ಕಪ್ಪು ಮತ್ತು ಕೆಂಪು ಗೆರೆಗಳ ನಡುವಿನ ಕಿರಿದಾದ ಓಣಿಯೇ ಸ್ಪ್ರಿಂಟ್ ಓಣಿ, ಮತ್ತು ಕೊನೆಯ ಸುತ್ತುಗಳ ಬಹುಪಾಲು ಜಗಳ ಇದಕ್ಕಾಗಿಯೇ ನಡೆಯುತ್ತದೆ. ಸ್ಪ್ರಿಂಟ್, ಅಂದರೆ ಕೊನೆಯ ಪೂರ್ಣವೇಗದ ಓಟ, ಆರಂಭವಾದ ಮೇಲೆ ಈ ಓಣಿಯಲ್ಲಿ ಮುಂದಿರುವವರನ್ನು ಒಳಗಿನಿಂದ ನುಗ್ಗಿ ದಾಟುವಂತಿಲ್ಲ, ಹೊರಗಿನಿಂದಲೇ ಸುತ್ತಿಕೊಂಡು ಬರಬೇಕು. ಮುಂದಿರುವವರೂ ಹಿಂದಿನವರನ್ನು ತಡೆಯುವ ಉದ್ದೇಶದಿಂದ ಓಣಿ ಬಿಟ್ಟು ಮೇಲಕ್ಕೆ ಸರಿಯುವಂತಿಲ್ಲ.

ಇನ್ನು ಓಟಕ್ಕೆ ಬರೋಣ. ಆರಂಭದ ಗೆರೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಬೇರೆ ಯಾರೂ ಡರ್ನಿಯ ಹಿಂದಿನ ಸ್ಥಾನವನ್ನು ಹಿಡಿಯಲು ಮುಂದಾಗದಿದ್ದರೆ ಒಳಗಡೆ ಮೊದಲಿಗರಾಗಿ ನಿಂತವರೇ ಅದನ್ನು ಹಿಡಿಯಬೇಕು. ಸಾಲು ರೂಪುಗೊಂಡ ಕೂಡಲೇ ಆರು ಮಂದಿಯ ಕ್ರಮವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಕಣದಲ್ಲಿದ್ದರೆ ಬಿಳಿಯ ಮೇಲೆ ಬಣ್ಣದ ಪಟ್ಟಿಗಳಿರುವ ಜೆರ್ಸಿಯಿಂದ ಅವರನ್ನು ಗುರುತಿಸಬಹುದು. ಉಳಿದವರೆಲ್ಲ ಅವರ ಹಿಂದಿನ ಚಕ್ರವನ್ನು ಹಿಡಿಯಲು ಹವಣಿಸುತ್ತಾರಾದ್ದರಿಂದ ಆ ಜೆರ್ಸಿ ಒಂದು ಹೊರೆಯೂ ಹೌದು.

ಡರ್ನಿಯ ಹಿಂದಿನ ಸುತ್ತುಗಳಲ್ಲಿ ಗಮನಿಸಬೇಕಾದದ್ದು ಚಕ್ರಗಳ ನಡುವಿನ ಅಂತರವನ್ನು. ವಿಜಯಪುರ, ಬಾಗಲಕೋಟೆ ಕಡೆಯ ರಸ್ತೆ ಸೈಕ್ಲಿಂಗ್ ನೋಡಿದವರಿಗೆ ಗಾಳಿಯ ಮರೆಯಲ್ಲಿ ಸಾಗುವುದೆಂದರೇನು ಎಂಬುದನ್ನು ವಿವರಿಸಬೇಕಿಲ್ಲ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾದ ಶಕ್ತಿ ವೇಗದ ಮೂರನೆಯ ಘಾತದಂತೆ ಏರುವುದರಿಂದ ಟ್ರ್ಯಾಕ್‌ನ ವೇಗದಲ್ಲಿ ಆ ಮರೆಯ ಬೆಲೆ ಇನ್ನೂ ಹೆಚ್ಚು. ಹೀಗಿದ್ದರೂ ಸಾಲಿನ ಹಿಂಭಾಗದ ಒಬ್ಬರು ಬೇಕೆಂದೇ ಮುಂದಿನವರಿಂದ ಒಂದೆರಡು ಸೈಕಲ್ ಉದ್ದ ಹಿಂದೆ ಉಳಿದರೆ, ಅದು ದಣಿವಲ್ಲ, ತಯಾರಿ. ಮರೆಯೊಳಗೆ ಓಡಿ ವೇಗ ಹೆಚ್ಚಿಸಿಕೊಂಡು, ಮುಂದಿನ ಚಕ್ರವನ್ನು ತಲುಪುವ ಹೊತ್ತಿಗೆ ಅವರನ್ನು ದಾಟಿಹೋಗುವಷ್ಟು ರಭಸ ಗಳಿಸಲು ಈ ಜಾಗ ಬೇಕು. ಮುಂದಿನವರು ಪದೇಪದೇ ಹಿಂದಿರುಗಿ ನೋಡುತ್ತಿದ್ದಾರೆಂದರೆ ಅವರಿಗೂ ಅದು ಗೊತ್ತಾಗಿದೆ ಎಂದರ್ಥ. ಇದೇ ಸುತ್ತುಗಳಲ್ಲಿ ಕೆಲವರು ಓರೆಯಾದ ಟ್ರ್ಯಾಕ್‌ನ ಮೇಲ್ಭಾಗಕ್ಕೆ ಏರುತ್ತಾರೆ. ತಿರುವುಗಳಲ್ಲಿ ಇಳಿಜಾರು 40 ಡಿಗ್ರಿಗಿಂತ ಹೆಚ್ಚಿರುವುದರಿಂದ ಅಲ್ಲಿಂದ ಕೆಳಗೆ ಧುಮುಕಿದರೆ ಎತ್ತರವೇ ವೇಗವಾಗುತ್ತದೆ.

ಡರ್ನಿ ಹೊರಟ ಕ್ಷಣದಿಂದ 750 ಮೀಟರ್ ಉಳಿದಿರುತ್ತದೆ, ಮತ್ತು ಇಲ್ಲಿ ಪ್ರತಿಯೊಬ್ಬರಿಗೂ ಎದುರಾಗುವುದು ಒಂದೇ ಪ್ರಶ್ನೆ: ಈಗಲೇ ಹೊರಡಬೇಕೇ, ಕಾಯಬೇಕೇ? ಮೊದಲೇ ಹೊರಟು ಓಣಿಯನ್ನು ವಶಪಡಿಸಿಕೊಂಡವರು ಅತ್ಯಂತ ಕಡಿಮೆ ದೂರ ಕ್ರಮಿಸುತ್ತಾರೆ, ಆದರೆ ಗಾಳಿಯನ್ನೆಲ್ಲ ಒಬ್ಬರೇ ಸೀಳಬೇಕು. ಕಾದವರಿಗೆ ಮರೆ ಸಿಗುತ್ತದೆ, ಆದರೆ ಹೊರಗಿನಿಂದ ಸುತ್ತಬೇಕಾದ ದಂಡ ತೆರಬೇಕಾಗುತ್ತದೆ. ಕಪ್ಪು ಗೆರೆಗಿಂತ ಒಂದೇ ಒಂದು ಮೀಟರ್ ಮೇಲೆ ಇಡೀ ಸುತ್ತು ಓಡಿದರೂ, ಇಳಿಜಾರಿನ ಲೆಕ್ಕ ಹಿಡಿದು, ನಾಲ್ಕು ಮೀಟರ್‌ಗಿಂತ ಹೆಚ್ಚು ದೂರ ಸೇರಿಕೊಳ್ಳುತ್ತದೆ. ಇದು ಎರಡು ಸೈಕಲ್‌ಗಳ ಉದ್ದಕ್ಕೂ ಮಿಗಿಲು, ಆದರೆ ಪದಕಗಳು ಕೈತಪ್ಪುವುದು ಒಂದು ಟೈರಿನ ಅಗಲದಲ್ಲಿ. ಈ ಕಾರಣಕ್ಕೆ ತಿರುವಿನಲ್ಲಿ ಪಕ್ಕಪಕ್ಕದಲ್ಲೇ ಸಿಕ್ಕಿಹಾಕಿಕೊಂಡ ಹೊರಗಿನವರ ಮೇಲೆ ಕಣ್ಣಿಡಿ. ಅವರು ತಿರುವು ಮುಗಿಯುವುದರೊಳಗೆ ದಾಟದಿದ್ದರೆ ಬಹುಮಟ್ಟಿಗೆ ಅವರ ಓಟ ಅಲ್ಲಿಗೆ ಮುಗಿದಂತೆ. ಅವರ ಬೆನ್ನಿಗೆ ಅಂಟಿಕೊಂಡು, ಅವರ ಶ್ರಮದ ಮರೆಯಲ್ಲೇ ಬಂದ ಇನ್ನೊಬ್ಬರು ಕೊನೆಯ ನೇರ ಹಾದಿಯಲ್ಲಿ ಹೊರಚಿಮ್ಮುವುದನ್ನು ಆಗ ಕಾಣಬಹುದು. ಒಳಗಿನವರಿಗೆ ಬೇರೊಂದು ಅಪಾಯವಿದೆ: ಮುಂದೊಬ್ಬರು, ಪಕ್ಕದಲ್ಲೊಬ್ಬರು ಇದ್ದರೆ ಎಷ್ಟೇ ಶಕ್ತಿ ಉಳಿದಿದ್ದರೂ ಹೊರಬರಲು ದಾರಿಯಿರುವುದಿಲ್ಲ.

ವೇಗವೊಂದೇ ಸಾಲದೆಂಬುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಿಂತ ಒಳ್ಳೆಯ ಉದಾಹರಣೆ ಬೇಡ. ಆ ಕೂಟದಲ್ಲಿ ಸ್ಪ್ರಿಂಟ್ ಎಂಬ ಬೇರೊಂದು ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಜರ್ಮನಿಯ ಲಿಯಾ ಫ್ರೀಡ್ರಿಷ್ 200 ಮೀಟರ್‌ಗಳನ್ನು 10.029 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವ ದಾಖಲೆ ಬರೆದರು. ಅವರು 2021 ಮತ್ತು 2022ರ ಕೀರಿನ್ ವಿಶ್ವ ಚಾಂಪಿಯನ್ ಕೂಡ ಆಗಿದ್ದರು. ಆದರೂ ಪ್ಯಾರಿಸ್‌ನ ಕೀರಿನ್ ಪದಕಗಳು ನ್ಯೂಜಿಲೆಂಡ್‌ನ ಎಲೀಸ್ ಆ್ಯಂಡ್ರ್ಯೂಸ್, ನೆದರ್‌ಲೆಂಡ್ಸ್‌ನ ಹೆಟ್ಟಿ ವಾನ್ ಡಿ ವೌ ಮತ್ತು ಬ್ರಿಟನ್‌ನ ಎಮ್ಮಾ ಫಿನುಕೇನ್ ಅವರ ಪಾಲಾದವು. ಗಡಿಯಾರದ ವಿರುದ್ಧ ಒಬ್ಬರೇ ಓಡುವುದು ಬೇರೆ, ಐವರ ನಡುವೆ ದಾರಿ ಹುಡುಕುವುದು ಬೇರೆ.

ಗುರಿ ದಾಟಿದ ಕೂಡಲೇ ಫಲಿತಾಂಶವನ್ನು ನಂಬಬೇಡಿ. ತೀರ್ಪುಗಾರರು ವಿಡಿಯೊ ನೋಡಿ, ಓಣಿಯ ನಿಯಮ ಮುರಿದವರನ್ನು ಆ ಓಟದ ಕೊನೆಯ ಸ್ಥಾನಕ್ಕೆ ಇಳಿಸಬಹುದು. ಫಲಕದಲ್ಲಿ ಹೆಸರಿನ ಮುಂದೆ ಆರ್‌ಇಎಲ್ ಎಂದು ಕಂಡರೆ ಆಗಿರುವುದು ಅದೇ. ಬೀಳುವುದಂತೂ ಈ ಓಟದಲ್ಲಿ ಅಪರೂಪವಲ್ಲ. ನೆದರ್‌ಲೆಂಡ್ಸ್‌ನ ಲೌರೀನ್ ವಾನ್ ರೀಸೆನ್ 2016ರ ರಿಯೊ ಒಲಿಂಪಿಕ್ಸ್‌ನ ಕೀರಿನ್‌ನಲ್ಲಿ ಅಪಘಾತ ತಪ್ಪಿಸಿಕೊಳ್ಳಲು ಟ್ರ್ಯಾಕ್‌ನ ಅಂಚಿನ ಜಾಹೀರಾತು ಗೋಡೆಯ ಮೇಲೆಯೇ ಸೈಕಲ್ ಹತ್ತಿಸಿ, ಬೀಳದೆ ಕೆಳಗಿಳಿದು ಬಂದರು. ಐದು ವರ್ಷಗಳ ಬಳಿಕ ಟೋಕಿಯೊ ಕೂಟದಲ್ಲಿ ಅದೃಷ್ಟ ಕೈಕೊಟ್ಟು ಕೆಳಗುರುಳಿದರು. (ಇದೇ ಸ್ಪರ್ಧಿ 2010ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಐಸ್ ಸ್ಕೇಟಿಂಗ್ ವೇಗ ಸ್ಪರ್ಧೆಯ ಕಂಚು ಗೆದ್ದವರು.)

ಬಿಡುವಿದ್ದರೆ ಫೈನಲ್ ಒಂದನ್ನೇ ನೋಡದೆ ಬೆಳಗಿನ ಸುತ್ತುಗಳಿಂದಲೇ ಆರಂಭಿಸಿ. ಮೊದಲ ಸುತ್ತಿನಲ್ಲಿ ನೇರವಾಗಿ ಮುಂದೆ ಹೋಗದವರಿಗೆ ರೆಪೆಶಾಜ್ ಎಂಬ ಎರಡನೆಯ ಅವಕಾಶವಿದೆ, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಧೈರ್ಯದ ಸವಾರಿ ಕಾಣಸಿಗುವುದು ಅಲ್ಲಿಯೇ, ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲವಾದ್ದರಿಂದ. ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲ ನಾಲ್ವರು ಮುನ್ನಡೆಯುವ ಕ್ರಮವಿರುವಾಗ ಬಲಿಷ್ಠರು ಗೆಲ್ಲಲು ಹೋಗದೆ ನಾಲ್ಕರೊಳಗೆ ಉಳಿದು ಶಕ್ತಿ ಕಾಯ್ದುಕೊಳ್ಳುತ್ತಾರೆ. ಅಲ್ಲಿ ಎರಡನೆಯವರಾಗಿ ಬಂದವರನ್ನು ದುರ್ಬಲರೆಂದು ತಿಳಿಯಬಾರದು. ಆರರಲ್ಲಿ ಮೂವರಷ್ಟೇ ಮುಂದೆ ಹೋಗುವ ಸೆಮಿಫೈನಲ್‌ನಲ್ಲಿ ಈ ಲೆಕ್ಕಾಚಾರ ನಡೆಯದೆ, ಫೈನಲ್‌ಗಿಂತಲೂ ಒರಟಾದ ಓಟಗಳು ನಡೆಯುತ್ತವೆ.

ಹಳೆಯ ಓಟಗಳ ವಿಡಿಯೊಗಳಿಂದ ಕಣ್ಣು ಪಳಗಿಸಿಕೊಳ್ಳಬಯಸುವವರು ಒಂದು ವಿಷಯ ನೆನಪಿಡಬೇಕು: ಹಿಂದೆ ಕೀರಿನ್ ಎಂಟು ಸುತ್ತುಗಳದ್ದಾಗಿತ್ತು, ಡರ್ನಿ ಇನ್ನೂ ತಡವಾಗಿ ಹೊರಡುತ್ತಿತ್ತು, ಹೀಗಾಗಿ ವಿಕ್ಟೋರಿಯಾ ಪೆಂಡಲ್‌ಟನ್ 2012ರಲ್ಲಿ ಒಲಿಂಪಿಕ್ಸ್‌ನ ಮೊದಲ ಮಹಿಳಾ ಕೀರಿನ್ ಚಿನ್ನ ಗೆದ್ದ ಓಟದ ತಂತ್ರವನ್ನು ಇಂದಿನದಕ್ಕೆ ನೇರವಾಗಿ ಹೋಲಿಸಲಾಗದು. ಈಗಿನ ಮಾದರಿಗೆ 2024ರಲ್ಲಿ ಡೆನ್ಮಾರ್ಕ್‌ನ ಬಾಲರಪ್‌ನಲ್ಲಿ ನಡೆದ ವಿಶ್ವ ಫೈನಲ್ ಸೂಕ್ತ. 1948ರಲ್ಲಿ ಜಪಾನಿನ ಕೊಕುರಾದಲ್ಲಿ ಬಾಜಿಯ ಓಟವಾಗಿ ಹುಟ್ಟಿದ ಈ ಸ್ಪರ್ಧೆಯ ಮಹಿಳಾ ವಿಶ್ವ ಪ್ರಶಸ್ತಿಯನ್ನು ಜಪಾನಿನ ಮಹಿಳೆಯೊಬ್ಬರು, ಮಿನಾ ಸಾಟೊ, ಮೊದಲ ಬಾರಿಗೆ ಗೆದ್ದದ್ದು ಅಲ್ಲಿ; 2002ರಲ್ಲಿ ಮೊತ್ತಮೊದಲ ಮಹಿಳಾ ವಿಶ್ವ ಪ್ರಶಸ್ತಿಯನ್ನು ಚೀನಾದ ಲೀ ನಾ ಗೆದ್ದದ್ದೂ ಅದೇ ಊರಿನಲ್ಲಿ. ಮೊದಲ ಸಲ ಓಟವನ್ನು ಇದ್ದಂತೆಯೇ ನೋಡಿ. ಎರಡನೆಯ ಸಲ ಧ್ವನಿ ನಿಲ್ಲಿಸಿ, ಡರ್ನಿ ಹೊರಡುವಾಗ ನಾಲ್ಕನೆಯವರಾಗಿದ್ದವರನ್ನು ಮಾತ್ರ ಗುರಿಯವರೆಗೆ ಹಿಂಬಾಲಿಸಿ, ಅವರು ಯಾವ ತಿರುವಿನಲ್ಲಿ ಯಾರ ಚಕ್ರವನ್ನು ಹಿಡಿದರು ಅಥವಾ ಬಿಟ್ಟರು ಎಂಬುದನ್ನು ಗುರುತು ಮಾಡಿಕೊಳ್ಳಿ.