ನೀರಿನ ಜೇಕು ಎಲ್ಲೆಲ್ಲಿದೆ ಅಂತ ಮ್ಯಾಪ್ ಮಾಡಿದ್ದು – ನನ್ನ ಅನುಭವ

ನೀರಿನ ಜೇಕು ಅಂತ ನಾನು ಹೇಳ್ತಿರೋದು ಎಲಿಯೋಕಾರಿಸ್ ಡಲ್ಸಿಸ್ ಅನ್ನೋ ಗಿಡಕ್ಕೆ. ಇದು ಜೇಕಿನ ಕುಟುಂಬದ್ದು, ಆಫ್ರಿಕಾದಿಂದ ಇಂಡಿಯಾ ದಾಟಿ ಉತ್ತರ ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳ ತನಕ ಜೌಗಿನಲ್ಲಿ ತಾನಾಗೇ ಬೆಳೆಯತ್ತೆ. ಇದು ಎಲ್ಲೆಲ್ಲಿದೆ ಅಂತ ಗುರುತು ಹಾಕೋಕೆ ಹೊರಟಾಗ ಮೊದಲು ಗುರುತಿಸೋದೇ ತಲೆನೋವು, ಯಾಕಂದ್ರೆ ಜೇಕು ಅಂದ್ರೆ ಮೂರು ಮೂಲೆ ಕಾಂಡ ಅಂತ ಎಲ್ರೂ ಹೇಳ್ಕೊಡ್ತಾರೆ, ಇದರದ್ದು ನೋಡಿದ್ರೆ ದುಂಡಗೆ, ಒಳಗೆ ಟೊಳ್ಳು, ಎಲೆ ಅಂತೂ ಇಲ್ವೇ ಇಲ್ಲ, ಬುಡದಲ್ಲಿ ಬರೀ ಪೊರೆ ಥರ ಸುತ್ಕೊಂಡಿರತ್ತೆ. ಬೆರಳಲ್ಲಿ ಒತ್ತಿದ್ರೆ ಒಳಗಿನ ಅಡ್ಡಗೋಡೆಗಳು ಟಪ್ ಟಪ್ ಅಂತ ಒಡೆಯತ್ತೆ, ನಾನು ಫೀಲ್ಡಲ್ಲಿ ನಂಬೋದು ಅದನ್ನೇ. ಆದ್ರೂ ಡೌಟ್ ಇದ್ರೆ ಬಲಿತ ಕಾಯಿ ಬೇಕೇ ಬೇಕು, ಹೂ ಮಾತ್ರ ಇರೋ ಸ್ಯಾಂಪಲ್ ತಗೊಂಡು ಪ್ರಯೋಜನ ಇಲ್ಲ.

ದಡದಿಂದ ನೀರಿನ ಕಡೆಗೆ ಹಗ್ಗ ಎಳೆದು, ಅದರ ಉದ್ದಕ್ಕೂ 1 ಮೀಟರ್ ಚೌಕದ ಪೈಪ್ ಫ್ರೇಮ್ ಇಟ್ಟು ನೋಡ್ತಾ ಹೋದೆ. ಗಿಡ ಎಣಿಸೋಕೆ ಹೋಗ್ಲಿಲ್ಲ, ನೆಲದೊಳಗೆ ಬಳ್ಳಿ ಬೇರು ಹರಡ್ಕೊಂಡು ಒಂದೇ ಗಿಡ ನೂರು ಕಡೆ ಎದ್ದಿರತ್ತೆ, ಯಾವುದನ್ನ ಒಂದು ಅಂತೀರಿ? ಚೌಕದಲ್ಲಿ ಎಷ್ಟು ಪರ್ಸೆಂಟ್ ಮುಚ್ಚಿದೆ, ಅಲ್ಲಿ ನೀರು ಎಷ್ಟು ಆಳ, ಪಿಎಚ್ (ಅಂದ್ರೆ ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಎಷ್ಟು, ಇಷ್ಟೇ ಬರ್ಕೊಂಡೆ. ಪಿಎಚ್ ಯಾಕಂದ್ರೆ ಈ ಗಿಡ ಆಸಿಡ್ ಸಲ್ಫೇಟ್ ಮಣ್ಣಲ್ಲೂ, ಅಂದ್ರೆ ಗಂಧಕದ ಆಮ್ಲದಿಂದ ತುಂಬಾ ಹುಳಿಯಾದ ಮಣ್ಣಲ್ಲೂ ಬದುಕತ್ತೆ, ಪಿಎಚ್ 3ರ ಆಸುಪಾಸಿಗೆ ಇಳಿದು ಬೇರೆ ಗಿಡಗಳು ಸೋತಿರೋ ಕಡೆ ಇದೊಂದೇ ದಟ್ಟವಾಗಿ ನಿಂತಿರತ್ತೆ. ಕಾಂಡದ ಟೊಳ್ಳಿನಿಂದ ಬೇರಿಗೆ ಗಾಳಿ ಇಳಿಯತ್ತಲ್ಲ, ಅದಕ್ಕೇ ಉಸಿರಿಲ್ಲದ ಕೆಸರಲ್ಲೂ ಬೇರು ಕೊಳೆಯಲ್ಲ.

ಒಂದೇ ಸೀಸನ್ ನೋಡಿ ಮ್ಯಾಪ್ ಮಾಡಿದ್ರೆ ಅದು ಸುಳ್ಳು ಮ್ಯಾಪ್ ಅಂತ ನನ್ನ ಅಭಿಪ್ರಾಯ. ನೀರು ಬತ್ತಿದಾಗ ಮೇಲೆ ಏನೂ ಕಾಣಲ್ಲ, ಆದ್ರೆ ಕೆಸರಲ್ಲಿ ಗಡ್ಡೆ ಜೀವ ಹಿಡ್ಕೊಂಡೇ ಇರತ್ತೆ, ಮಳೆ ಬಿದ್ದು ನೀರು ನಿಂತ ಮೇಲೆ ಮತ್ತೆ ಚಿಗುರತ್ತೆ. ಉತ್ತರ ಆಸ್ಟ್ರೇಲಿಯಾದ ಕಾಕಡು ಬಯಲಲ್ಲಿ ಮ್ಯಾಗ್‌ಪೈ ಗೂಸ್ ಹಕ್ಕಿಗಳು ಒಣ ಕಾಲದಲ್ಲಿ ಕೆಸರು ಅಗೆದು ತಿನ್ನೋದು ಈ ಗಡ್ಡೇನೇ. ಹಾಗಾಗಿ ನಾನು ನೀರು ತುಂಬಿದಾಗಲೂ ಇಳಿಯುವಾಗಲೂ ಅದೇ ಜಾಗಕ್ಕೆ ಹೋಗ್ತೀನಿ, ಗಿಡ ಸಿಗದ ಚೌಕಕ್ಕೂ ಸೊನ್ನೆ ಅಂತ ಬರೀತೀನಿ, ಖಾಲಿ ಬಿಟ್ರೆ ಅಲ್ಲಿ ಗಿಡ ಇರ್ಲಿಲ್ವೋ, ನಾನೇ ಹೋಗಿರ್ಲಿಲ್ವೋ ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ.