ಗೆರೆ ತುಳಿದುಕೊಂಡು ನಿಲ್ಲುವ ಕೆಲಸ

ಟಿಕೆಟ್ ತಗೊಂಡು ಕಂಠೀರವ ಸ್ಟೇಡಿಯಂಗೆ ಹೋಗಿ, ಚೆಂಡಿನ ಕಡೆ ನೋಡಲೇಬಾರದು ಅಂತ ಹಟ ಹಿಡಿದು ಕೂತವನು ಬಹುಶಃ ನಾನೊಬ್ಬನೇ. 2023ರ ಕೊನೆಯ ದಿನಗಳು. ಬಲಗಾಲಿನ ತೊಡೆಯ ಹಿಂದಿನ ಸ್ನಾಯು, ಅದೇ ಹ್ಯಾಮ್‌ಸ್ಟ್ರಿಂಗ್, ಎರಡನೇ ಸಲ ಕೈಕೊಟ್ಟಿತ್ತು. ಆಡುವ ಹಾಗಿರಲಿಲ್ಲ. ಶನಿವಾರ-ಭಾನುವಾರ ಮನೆಯಲ್ಲಿ ಸುಮ್ನೆ ಕೂತರೆ ಎಲ್ಲರ ಮೇಲೂ ರೇಗುತ್ತಿದ್ದೆ. ಕೊನೆಗೆ ಹೆಂಡತಿಯೇ ಬಿಎಫ್‌ಸಿ, ಅಂದರೆ ನಮ್ಮ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಪಂದ್ಯದ ಟಿಕೆಟ್ ತೆಗೆದುಕೊಟ್ಟು ‘ಹೋಗಿ ಬಾ’ ಅಂತ ಕಳಿಸಿದಳು.

ನಾನು ವಿಂಗರ್, ಅಂದರೆ ಮೈದಾನದ ಅಂಚಿನ ಗೆರೆ ಪಕ್ಕದಲ್ಲಿ ಮುಂದೆ ಆಡುವವನು. ಹೊಟ್ಟೆಪಾಡಿಗೆ ಅಲ್ಲ, ಅದಕ್ಕೆ ಲ್ಯಾಪ್‌ಟಾಪ್ ಇದೆ. ಬೆಂಗಳೂರಿನ ಜಿಲ್ಲಾ ಲೀಗಿನ ಕೆಳಗಿನ ಡಿವಿಷನ್ನಿನಲ್ಲಿ ಒಂದು ಸಣ್ಣ ಕ್ಲಬ್ಬಿಗೆ ಹತ್ತು ವರ್ಷದಿಂದ ಬಲಗಡೆ ಆಡುತ್ತಿದ್ದೇನೆ. ಶಾಲೆಯಲ್ಲಿ ಜೋರಾಗಿ ಓಡುತ್ತಿದ್ದೆ. ಪಿ.ಟಿ. ಮೇಷ್ಟ್ರು ‘ನೀನು ಸೈಡಲ್ಲಿ ನಿಂತ್ಕೊಳೋ, ಚೆಂಡು ಬಂದ್ರೆ ಓಡು’ ಅಂದರು. ನನಗೆ ಸಿಕ್ಕ ವಿಂಗರ್ ತರಬೇತಿ ಅಷ್ಟೇ. ಆಮೇಲೆ ಬಂದ ಕೋಚ್‌ಗಳೂ ಅದನ್ನೇ ಬೇರೆ ಬೇರೆ ದನಿಯಲ್ಲಿ ಕೂಗಿದರು. ಮೂವತ್ತು ದಾಟಿದ ಮೇಲೆ ಕಾಲು ನಿಧಾನವಾಯಿತು. ಓಟ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇಲ್ಲ ಅಂತ ಆಗಲೇ ಗೊತ್ತಾಗಿದ್ದು.

ಆ ವರ್ಷವೇ ರಯಾನ್ ವಿಲಿಯಮ್ಸ್ ಬಿಎಫ್‌ಸಿಗೆ ಆಡೋಕೆ ಬೆಂಗಳೂರಿಗೆ ಬಂದಿದ್ದ. ಆಸ್ಟ್ರೇಲಿಯಾದ ಪರ್ತ್‌ನವನು, ಹುಟ್ಟಿದ್ದು 1993ರಲ್ಲಿ. ಹೆಚ್ಚುಕಡಿಮೆ ನನ್ನ ವಯಸ್ಸು, ನನ್ನದೇ ಕೆಲಸ. ಇವನನ್ನೇ ನೋಡೋಣ, ಬೇರೆ ಯಾರನ್ನೂ ಬೇಡ ಅಂತ ತೀರ್ಮಾನ ಮಾಡಿದೆ.

ನೋಡುವ ಮುಂಚೆ ಅವನ ಹಾದಿಯನ್ನು ಓದಿಕೊಂಡೆ. ಹದಿಹರೆಯದಲ್ಲೇ ಪರ್ತ್ ಬಿಟ್ಟು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಹೋಗಿದ್ದಾನೆ. 2012ರ ಜನವರಿಯಲ್ಲಿ ಫುಲ್‌ಹ್ಯಾಮ್ ಕರೆದುಕೊಂಡಿತು. ಆಗ ಅದು ಪ್ರೀಮಿಯರ್ ಲೀಗಿನ ಕ್ಲಬ್. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿಂದ ಸಾಲ ಕೊಟ್ಟ ಪಾತ್ರೆಯ ಹಾಗೆ ಜಿಲ್ಲಿಂಗ್‌ಹ್ಯಾಮ್, ಆಕ್ಸ್‌ಫರ್ಡ್, ಬಾರ್ನ್ಸ್‌ಲಿ ಅಂತ ಊರೂರು ತಿರುಗಿದ. ಆಮೇಲೆ ಬಾರ್ನ್ಸ್‌ಲಿಯಲ್ಲೇ ನಿಂತ, ಅಲ್ಲಿಂದ ರಾದರ್‌ಹ್ಯಾಮ್, ಮತ್ತೆ ಪೋರ್ಟ್ಸ್‌ಮತ್, ಮತ್ತೆ ಆಕ್ಸ್‌ಫರ್ಡ್. 2022ರಲ್ಲಿ ಊರಿಗೆ ವಾಪಸ್, ಪರ್ತ್ ಗ್ಲೋರಿಗೆ. ಮರುವರ್ಷ ನಮ್ಮೂರು. ಹತ್ತು ವರ್ಷಕ್ಕೂ ಜಾಸ್ತಿ ಹೆಚ್ಚಾಗಿ ಇಂಗ್ಲೆಂಡಿನ ಎರಡನೇ, ಮೂರನೇ ದರ್ಜೆಯಲ್ಲಿ ಬೆವರು ಸುರಿಸಿದ ಆಟಗಾರ. ಆಸ್ಟ್ರೇಲಿಯಾ ತಂಡಕ್ಕೆ ಆಡಿದ್ದು ಒಂದೇ ಒಂದು ಪಂದ್ಯ. 2019ರ ಜೂನ್‌ನಲ್ಲಿ ಬುಸಾನ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ, ಅದೂ ಬದಲಿ ಆಟಗಾರನಾಗಿ.

ಇದು ನನಗೆ ತುಂಬಾ ಹಿಡಿಸಿತು. ಆಸ್ಟ್ರೇಲಿಯಾದ ದೊಡ್ಡ ಆಟಗಾರ ಹ್ಯಾರಿ ಕ್ಯೂಯೆಲ್ ಥರದವರ ವೀಡಿಯೊ ನೋಡಿ ಕಲಿಯೋಕೆ ಹೋದರೆ ನಮ್ಮಂಥವರಿಗೆ ಏನೂ ದಕ್ಕುವುದಿಲ್ಲ. ಆ ಕಾಲು ನಮಗೆ ಬರುವುದಿಲ್ಲ. ಆದರೆ ವರ್ಷಾನುಗಟ್ಟಲೆ ಬೇರೆ ಬೇರೆ ಕೋಚ್‌ಗಳು ಒಬ್ಬನನ್ನು ಮತ್ತೆ ಮತ್ತೆ ತಂಡಕ್ಕೆ ತಗೊಂಡಿದ್ದಾರೆ ಅಂದರೆ, ಅವನು ದಿನಾ ಮಾಡುವ ಏನೋ ಒಂದು ಕೆಲಸ ಅವರಿಗೆ ಬೇಕಿತ್ತು. ಅದು ಏನು ಅಂತ ನೋಡಬೇಕಿತ್ತು.

ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟ ದೂರ ಕಾಣುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ನನ್ನ ಕೆಲಸಕ್ಕೆ ಅದೇ ಅನುಕೂಲವಾಯಿತು. ಮೇಲಿನ ಸಾಲಿನಲ್ಲಿ ಕೂತರೆ ಇಪ್ಪತ್ತೆರಡು ಜನರೂ ಒಟ್ಟಿಗೆ ಕಾಣುತ್ತಾರೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಎಡಗಡೆ ಇರುವಾಗ ಬಲಗಡೆಯ ವಿಂಗರ್ ಏನು ಮಾಡುತ್ತಿದ್ದಾನೆ ಅಂತ ಅದು ತೋರಿಸುವುದೇ ಇಲ್ಲ. ತೊಂಬತ್ತು ನಿಮಿಷದಲ್ಲಿ ಒಬ್ಬನ ಕಾಲಲ್ಲಿ ಚೆಂಡು ಇರುವುದು ಎರಡೋ ಮೂರೋ ನಿಮಿಷ. ಮಿಕ್ಕ ಹೊತ್ತು ಏನು ಮಾಡುತ್ತಾನೆ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲ ಪಂದ್ಯದಲ್ಲಿ ಐದು ನಿಮಿಷವೂ ಆಗಲಿಲ್ಲ. ಜನ ಕೂಗಿದರೆ ಕಣ್ಣು ತಾನಾಗೇ ಚೆಂಡಿನ ಕಡೆ ಹೋಗುತ್ತಿತ್ತು. ಮೂರನೇ ಪಂದ್ಯದ ಹೊತ್ತಿಗೆ ಅಭ್ಯಾಸವಾಯಿತು. ಕಂಡಿದ್ದು ಇಷ್ಟು. ಚೆಂಡು ಆಚೆ ಕಡೆ ಇದ್ದಾಗ ಅವನು ಗೆರೆ ಬಿಟ್ಟು ಒಳಗೆ, ಗೋಲಿನ ದೂರದ ಕಂಬದ ನೇರಕ್ಕೆ ಬರುತ್ತಾನೆ. ತಂಡ ಚೆಂಡು ಕಳೆದುಕೊಂಡ ತಕ್ಷಣ ಮೊದಲ ಮೂರು ಹೆಜ್ಜೆ ಹಿಂದಕ್ಕೆ, ತನ್ನ ಬ್ಯಾಕ್, ಅಂದರೆ ಹಿಂದೆ ನಿಂತು ಗೋಲು ಕಾಯುವ ಜೊತೆಗಾರನ ಕಡೆಗೆ. ಕೈ ಎತ್ತಿ ‘ಪಾಸ್ ಯಾಕೆ ಕೊಡಲಿಲ್ಲ’ ಅಂತ ನಾಟಕ ಇಲ್ಲ. ನಾನು ಹತ್ತು ವರ್ಷ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ ಜಾಗಗಳಲ್ಲೆಲ್ಲ ಅವನು ಓಡುತ್ತಿದ್ದ. ನಮ್ಮ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. ಹಿಂದಕ್ಕೆ ಓಡಿದ ವಿಂಗರ್‌ಗೆ ಯಾರೂ ಪ್ರತಿಮೆ ಇಡುವುದಿಲ್ಲ, ನಿಜ. ಕೋಚ್‌ಗಳು ಜಾಗ ಕೊಡುತ್ತಾರೆ.

ಈಗ ನಾನು ಮಾಡಿದ್ದು. ಮೊದಲು ಕಾಲು ಸರಿಯಾಗಬೇಕಿತ್ತಲ್ಲ.

ಮೊದಲ ಸಲ ಹಿಡಿದುಕೊಂಡಾಗ ಒಂದು ಕ್ಲಿನಿಕ್ಕಿನಲ್ಲಿ ‘ಮೂರು ವಾರ ರೆಸ್ಟ್, ಆಮೇಲೆ ಆಡಿ’ ಅಂದಿದ್ದರು. ಮೂರು ವಾರ ಮಲಗಿದೆ. ನೋವು ಹೋಯಿತು. ನೇರವಾಗಿ ಪಂದ್ಯಕ್ಕೆ ಇಳಿದೆ. ಹದಿನೆಂಟನೇ ನಿಮಿಷಕ್ಕೆ ಅದೇ ಜಾಗದಲ್ಲಿ ಚುಳ್ ಅಂತು. ತಪ್ಪು ಅವರದ್ದು ಅರ್ಧ, ನನ್ನದು ಅರ್ಧ. ನೋವು ಹೋಯಿತು ಅಂದರೆ ಬಲ ಬಂತು ಅಂತ ಅಲ್ಲ. ಆ ಸ್ನಾಯು ಹರಿಯುವುದು ಸಾಮಾನ್ಯವಾಗಿ ಪೂರ್ತಿ ವೇಗದಲ್ಲಿ ಓಡುವಾಗ, ಕಾಲು ಮುಂದಕ್ಕೆ ಚಾಚಿ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ. ಆ ಕ್ಷಣದಲ್ಲಿ ಅದು ಉದ್ದ ಎಳೆದುಕೊಂಡೇ ಕಾಲನ್ನು ತಡೆದು ಹಿಡಿಯಬೇಕು. ಮಲಗಿದ್ದರೆ ಆ ಶಕ್ತಿ ಎಲ್ಲಿಂದ ಬರಬೇಕು?

ಎರಡನೇ ಸಲ ಒಬ್ಬ ಫಿಸಿಯೋ ಸಿಕ್ಕರು, ಅವರೇ ಹಿಂದೆ ಬ್ಯಾಕ್ ಆಡಿದವರು. ಅವರು ಹಚ್ಚಿದ್ದು ನಾರ್ಡಿಕ್ ಕರ್ಲ್. ಮಂಡಿಯೂರಿ ಕೂರಬೇಕು, ಹಿಂದಿನಿಂದ ಯಾರಾದರೂ ಕಾಲಿನ ಗಿಣ್ಣು ಒತ್ತಿ ಹಿಡಿಯಬೇಕು, ಬೆನ್ನು-ಸೊಂಟ ನೆಟ್ಟಗೆ ಇಟ್ಟು ನಿಧಾನವಾಗಿ ಮುಂದಕ್ಕೆ ಬೀಳಬೇಕು. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು. ಮಂಡಿ ಕೆಳಗೆ ದಿಂಬು, ನನ್ನ ಗಿಣ್ಣಿನ ಮೇಲೆ ಹೆಂಡತಿ. ಅವಳು ಅಲ್ಲೇ ಕೂತು ಫೋನ್ ನೋಡುತ್ತಿರುತ್ತಾಳೆ. ಮೊದಲ ವಾರ ಅರ್ಧಕ್ಕೇ ಧಡಾರ್ ಅಂತ ಬಿದ್ದು ಕೆಳಗಿನ ಮನೆಯವರು ಬಂದು ವಿಚಾರಿಸಿದ್ದೂ ಆಯಿತು. ವಾರಕ್ಕೆ ಎರಡು ದಿನ, ಮೂರು ಸುತ್ತು, ಸುತ್ತಿಗೆ ಐದು. ಎರಡು ತಿಂಗಳಾದ ಮೇಲೆ ಮೂಗು ನೆಲಕ್ಕೆ ತಾಕುವವರೆಗೂ ತಡೆದು ಹಿಡಿಯುವ ಹಾಗಾಯಿತು.

ಅವರು ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಗೆ ಹೋಗೋಕೆ ಟೈಮ್ ಹಿಡಿಯಿತು. ‘ನೀವು ವಾರವೆಲ್ಲ ಜಾಗಿಂಗ್ ಮಾಡ್ತೀರಾ, ಭಾನುವಾರ ಒಂದೇ ಸಲ ಫುಲ್ ಸ್ಪೀಡ್ ಓಡ್ತೀರಾ. ಹರೀದೆ ಇನ್ನೇನಾಗತ್ತೆ?’ ಅಂದರು. ಹಾಗಾಗಿ ವಾರದ ಮಧ್ಯೆ ಒಂದು ದಿನ, ಚೆನ್ನಾಗಿ ಬಿಸಿ ಮಾಡಿಕೊಂಡು, ಐದಾರು ಸಲ ಪೂರ್ತಿ ವೇಗದ ಓಟ. ನಡುವೆ ಎರಡು-ಮೂರು ನಿಮಿಷ ಸುಮ್ನೆ ನಡಿಗೆ. ಹಾಗೆ ನಡೆಯುವುದು ಸೋಮಾರಿತನ ಅಂತ ಅನ್ನಿಸುತ್ತಿತ್ತು. ದಣಿದು ಓಡಿದರೆ ಅದು ಬೇರೆ ಓಟ, ವೇಗದ್ದಲ್ಲ.

ಕಾಲು ಬಂತು. ಇನ್ನು ಕಣ್ಣು.

ಬೆಳಗ್ಗೆ ಆರಕ್ಕೆ ಕೃತಕ ಹುಲ್ಲಿನ ಟರ್ಫ್ ಬುಕ್ ಮಾಡಿ ನಾವು ನಾಲ್ಕೈದು ಜನ ಸೇರುತ್ತೇವೆ. ಆ ಟರ್ಫ್‌ನ ಕಪ್ಪು ರಬ್ಬರ್ ಕಾಳು ಆಫೀಸಿನ ಸಾಕ್ಸ್‌ನಲ್ಲೂ ಸಿಗುತ್ತದೆ, ಅದು ಬೇರೆ ಕಥೆ. ನನ್ನ ಹಳೆಯ ಚಾಳಿ ಏನೆಂದರೆ, ಪಾಸ್ ಬರುವಾಗ ಚೆಂಡನ್ನೇ ನೋಡುತ್ತಾ ಎದೆಯನ್ನು ಅದರ ಕಡೆ ತಿರುಗಿಸಿ ನಿಲ್ಲುವುದು. ಚೆಂಡು ಕಾಲಿಗೆ ಬರುತ್ತದೆ, ಅದರ ಜೊತೆಗೆ ಎದುರಾಳಿಯ ಬ್ಯಾಕ್ ಕೂಡ ಬೆನ್ನಿಗೆ ಬರುತ್ತಾನೆ. ಆಮೇಲೆ ಹಿಂದಕ್ಕೆ ಪಾಸ್ ಮಾಡದೆ ಬೇರೆ ದಾರಿ ಇಲ್ಲ. ಈಗ ಬೆನ್ನು ಗೆರೆಯ ಕಡೆ ಇಟ್ಟು ನಿಲ್ಲುತ್ತೇನೆ, ಹಿಮ್ಮಡಿ ಬಿಳಿ ಗೆರೆ ತುಳಿಯುವಷ್ಟು ಹೊರಗೆ. ಆಗ ಪೂರ್ತಿ ಮೈದಾನ ಎದುರಿಗೆ ಇರುತ್ತದೆ. ಪಾಸ್ ಕೊಡುವವನು ತಲೆ ಎತ್ತುವ ಮೊದಲು ಒಂದು ಸಲ, ಚೆಂಡು ಹೊರಟ ಮೇಲೆ ಇನ್ನೊಂದು ಸಲ, ಬ್ಯಾಕ್ ಎಲ್ಲಿದ್ದಾನೆ ಅಂತ ಭುಜದ ಮೇಲಿಂದ ನೋಡುವುದು. ನೋಡಬೇಕಾದ್ದು ಅವನ ಮುಖವಲ್ಲ, ಕಾಲು. ಯಾವ ಕಾಲು ಮುಂದಿದೆಯೋ ಅದರ ಪಕ್ಕದಿಂದಲೇ ಚೆಂಡು ತಳ್ಳಿದರೆ ಅವನು ಪೂರ್ತಿ ತಿರುಗಬೇಕು. ಆ ತಿರುಗುವ ಅರ್ಧ ಸೆಕೆಂಡ್ ನನ್ನದು. ಮೂವತ್ತೈದರ ಕಾಲಿಗೆ ಅರ್ಧ ಸೆಕೆಂಡ್ ಅಂದರೆ ಬಂಗಾರ.

ಕಲಿಯುವಾಗ ಪಜೀತಿಯೂ ಆಯಿತು. ಭುಜದ ಮೇಲೆ ನೋಡುವ ಹುಮ್ಮಸ್ಸಿನಲ್ಲಿ ಚೆಂಡನ್ನೇ ಮರೆತೆ. ಅದು ನನ್ನ ಕಾಲ ಸಂದಿಯಲ್ಲಿ ಹೊರಗೆ ಹೋಯಿತು. ಲೀಗ್ ಪಂದ್ಯ, ನಮ್ಮ ಬೆಂಚಿನ ಮುಂದೆಯೇ. ‘ಯಾರನ್ನ ಹುಡುಕ್ತಿದ್ದೀಯ ಗುರು?’ ಅಂತ ನಮ್ಮ ಗೋಲ್‌ಕೀಪರ್ ಆ ತುದಿಯಿಂದ ಕೂಗಿದ. ವಾರಗಟ್ಟಲೆ ಅದೇ ಜೋಕು.

ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಹಾಕುವ ವಿಷಯದಲ್ಲಿ ನನ್ನ ತಿಳಿವಳಿಕೆ ಪೂರ್ತಿ ಉಲ್ಟಾ ಆಗಿತ್ತು. ಸ್ಟ್ರೈಕರ್‌ನ ತಲೆ ಹುಡುಕಿ ಚೆಂಡು ಎತ್ತಿ ಹಾಕುವುದು ಅಂದುಕೊಂಡಿದ್ದೆ. ತಲೆ ಹುಡುಕುವಷ್ಟರಲ್ಲಿ ಬ್ಯಾಕ್ ಬಂದು ಅಡ್ಡ ನಿಂತಿರುತ್ತಾನೆ. ಈಗ ಹುಡುಕುವುದಿಲ್ಲ. ಗೋಲ್‌ಕೀಪರ್‌ಗೂ ಬ್ಯಾಕ್‌ಗಳಿಗೂ ನಡುವೆ ಇರುವ ಖಾಲಿ ಪಟ್ಟಿಗೆ, ಮಂಡಿ ಎತ್ತರದಲ್ಲಿ, ಬೇಗ, ಗಟ್ಟಿಯಾಗಿ ಹೊಡೆಯುವುದು. ಅಲ್ಲಿಗೆ ಬರುವುದು ಸ್ಟ್ರೈಕರ್ ಕೆಲಸ. ಅಭ್ಯಾಸಕ್ಕೆ ಎರಡು ನೀರಿನ ಬಾಟಲಿ ಇಟ್ಟು ನಡುವಿನ ಜಾಗಕ್ಕೆ ಮೂವತ್ತು ಚೆಂಡು ಹಾಕುತ್ತೇನೆ. ಮೊದಮೊದಲು ಹತ್ತು ಸರಿಯಾಗಿ ಹೋದರೆ ಹೆಚ್ಚು.

2025ರ ಏಪ್ರಿಲ್ 12ರ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲ್ ನೆನಪಿರಬೇಕು. ಕೋಲ್ಕತ್ತದ ಸಾಲ್ಟ್ ಲೇಕ್, ಎದುರಿಗೆ ಮೋಹನ್ ಬಾಗಾನ್. ಎರಡನೇ ಅರ್ಧ ಶುರುವಾಗಿ ನಾಲ್ಕು ನಿಮಿಷ. ರಯಾನ್ ಹಾಕಿದ ಕ್ರಾಸನ್ನು ತಡೆಯೋಕೆ ಹೋದ ಬಾಗಾನ್‌ನ ಬ್ಯಾಕ್ ಆಲ್ಬರ್ಟೊ ರೊಡ್ರಿಗೆಜ್ ತನ್ನದೇ ಬಲೆಗೆ ಚೆಂಡು ಸೇರಿಸಿದ. ‘ಲಕ್ ಮಗಾ ಲಕ್’ ಅಂತ ನನ್ನ ಪಕ್ಕದವನು ಕುಣಿದ. ಅದು ಬರೀ ಲಕ್ ಅಲ್ಲ. ತನ್ನ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುವ ಬ್ಯಾಕ್‌ಗೆ ಅಂಥ ಚೆಂಡು ಬಂದರೆ, ಬಿಟ್ಟರೆ ಹಿಂದಿರುವವನು ಹೊಡೆಯುತ್ತಾನೆ, ಮುಟ್ಟಿದರೆ ಹೀಗಾಗುತ್ತದೆ. ಗೋಲಿನ ಪಟ್ಟಿಯಲ್ಲಿ ಮಾತ್ರ ವಿಂಗರ್ ಹೆಸರಿಲ್ಲ. ಆಮೇಲೆ ಬಾಗಾನ್‌ನ ಕಮ್ಮಿಂಗ್ಸ್ ಪೆನಾಲ್ಟಿಯಲ್ಲಿ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಗೆಲ್ಲಿಸಿದ. ಇಬ್ಬರೂ ಆಸ್ಟ್ರೇಲಿಯಾ ತಂಡಕ್ಕೆ ಆಡಿದವರೇ. ನಮ್ಮ ಆಸ್ಟ್ರೇಲಿಯನ್ನನ ಕೆಲಸವನ್ನು ಅವರ ಆಸ್ಟ್ರೇಲಿಯನ್ನರು ಕೆಡಿಸಿದರು ಅಂತ ಆ ರಾತ್ರಿ ನಾವು ಹೊಟ್ಟೆ ಉರಿದುಕೊಂಡು ನಕ್ಕೆವು.

ಅದೇ ವರ್ಷ ಅವನು ನಮ್ಮವನೇ ಆದ. ತಾಯಿಯ ಕಡೆಯವರು ಮುಂಬೈನವರು, ತಾಯಿಯ ತಂದೆ 1950ರ ದಶಕದಲ್ಲಿ ಬಾಂಬೆ ಪರ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಆಡಿದ್ದವರು. ನಮ್ಮಲ್ಲಿ ಎರಡು ಪೌರತ್ವ ನಡೆಯುವುದಿಲ್ಲ. ಭಾರತಕ್ಕೆ ಆಡಬೇಕು ಅಂದರೆ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಡಲೇಬೇಕು. ಬಿಟ್ಟ. ಇದಕ್ಕೆ ಮುಂಚೆ ಜಪಾನಿನ ಆಟಗಾರ ಅರಾಟಾ ಇಜುಮಿ ಹಾಗೆ ಮಾಡಿದ್ದು. ಮೂವತ್ತೆರಡರ ವಿಂಗರ್, ಇಲ್ಲಿನ ಲೀಗೇ ಯಾವಾಗ ಶುರುವಾಗುತ್ತದೆ ಅಂತ ಗೊತ್ತಿಲ್ಲದ ಹೊತ್ತು. ನವೆಂಬರ್‌ನಲ್ಲಿ ತಂಡದ ಜೊತೆ ಢಾಕಾಗೆ ಹೋದ, ಕಾಗದಪತ್ರ ಬಾರದೆ ಆಡಲಾಗಲಿಲ್ಲ. ಭಾರತ 1-0 ಸೋತಿತು. ಕ್ಲಬ್ಬಿಂದ ಕ್ಲಬ್ಬಿಗೆ ಸಾಲ ಹೋಗಿ ಬಂದವನಿಗೆ ಕಾಯುವುದು ಹೊಸದೇನಲ್ಲ ಬಿಡಿ.

ನನ್ನ ಕಥೆಗೆ ಬರುತ್ತೇನೆ. ಹೋದ ಸೀಸನ್‌ನ ಒಂದು ಪಂದ್ಯ, 1-1 ನಡೀತಿತ್ತು. ಎಪ್ಪತ್ತನೇ ನಿಮಿಷಕ್ಕೆ ಕೋಚ್ ನನ್ನನ್ನು ಇಳಿಸಿದರು. ಎದುರಿಗಿದ್ದ ಬ್ಯಾಕ್ ಇಪ್ಪತ್ತರ ಹುಡುಗ, ನನಗಿಂತ ಎರಡು ಪಟ್ಟು ವೇಗ. ಮೊದಲ ಹತ್ತು ನಿಮಿಷ ನನಗೆ ಚೆಂಡೇ ಸಿಗಲಿಲ್ಲ. ಹಿಂದಕ್ಕೆ ಓಡಿದ್ದೇ ಓಡಿದ್ದು. ಆಮೇಲೆ ಒಂದು ಥ್ರೋ. ಎದುರಾಳಿ ಬ್ಯಾಕ್‌ಗಳನ್ನು ದಾಟಿ ಮುಂದೆ ನಿಂತು ಪಾಸ್ ತಗೊಂಡರೆ ಆಫ್‌ಸೈಡ್ ತಪ್ಪಾಗುತ್ತದೆ, ಆದರೆ ಥ್ರೋನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಅನ್ನುವುದನ್ನು ನಮ್ಮ ಲೀಗಿನಲ್ಲಿ ಅರ್ಧ ಜನ ಮರೆತೇ ಬಿಟ್ಟಿರುತ್ತಾರೆ. ಆ ಹುಡುಗನೂ ಮರೆತಿದ್ದ, ಕೈ ಎತ್ತಿ ರೆಫರಿ ಕಡೆ ನೋಡುತ್ತಾ ನಿಂತ. ನಾನು ಆಗಲೇ ಅವನ ಹಿಂದೆ ಗೆರೆ ಪಕ್ಕದಲ್ಲಿದ್ದೆ. ತಲೆ ಎತ್ತಲಿಲ್ಲ. ಆ ಖಾಲಿ ಪಟ್ಟಿಗೆ ಮಂಡಿ ಎತ್ತರಕ್ಕೆ ಹೊಡೆದೆ. ಅವರ ಸ್ಟಾಪರ್, ಅಂದರೆ ನಡುವಿನ ಬ್ಯಾಕ್, ಓಡಿ ಬಂದು ಕಾಲು ಚಾಚಿದ, ಚೆಂಡು ಅವನ ಮೊಣಕಾಲಿಗೆ ಬಡಿದು ಒಳಗೆ.

ಪಂದ್ಯ ಮುಗಿದ ಮೇಲೆ ಗೋಲು ಬರೆದುಕೊಳ್ಳುವವರ ಟೇಬಲ್ ಹತ್ತಿರ ಹೋಗಿ ಬಗ್ಗಿ ನೋಡಿದೆ. ಅವರ ಸ್ಟಾಪರ್‌ನ ಜೆರ್ಸಿ ನಂಬರ್, ಪಕ್ಕದಲ್ಲಿ ‘ಸ್ವಂತ ಗೋಲು’ ಅಂತ ಗುರುತು. ಹಿಂದಿನಿಂದ ಬಂದ ಗೋಲ್‌ಕೀಪರ್ ಹೆಗಲ ಮೇಲೆ ಕೈ ಹಾಕಿ, ‘ನಿನ್ನ ಹೆಸರು ಹುಡುಕ್ತಿದ್ದೀಯಾ ಗುರು? ಬಾ, ಬಿರಿಯಾನಿ ಕೊಡಿಸು’ ಅಂದ.