ಬೆಡ್ ಸಿಗುವವರೆಗೆ ಟ್ರಾಲಿಯೇ ಐಸಿಯು

"ಐಸಿಯು ಫುಲ್ ಇದೆ ಸಿಸ್ಟರ್, ಬೆಳಗ್ಗೆವರೆಗೂ ಅಲ್ಲೇ ನೋಡ್ಕೊಳ್ಳಿ." ನಾನು ಕ್ಯಾಶುಯಾಲ್ಟಿಯಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಈ ಫೋನ್ ಬರದ ವಾರವೇ ಇಲ್ಲ.

ಮೊದಲೆಲ್ಲ ನನಗೆ ಇದು ಕಾಯುವ ಕೆಲಸ ಅನಿಸುತ್ತಿತ್ತು. ಉಸಿರಾಟದ ಟ್ಯೂಬ್ ಹಾಕಿ ಆಯಿತು, ವೆಂಟಿಲೇಟರ್ ಓಡುತ್ತಿದೆ, ಇನ್ನೇನಿದ್ದರೂ ಮೇಲಿನ ಐಸಿಯುನವರದು ಅಂತ. ಒಬ್ಬ ಅಜ್ಜಿ ಆ ಭ್ರಮೆ ಬಿಡಿಸಿದರು. ನ್ಯುಮೋನಿಯಾ ಜಾಸ್ತಿಯಾಗಿ ಸೆಪ್ಸಿಸ್ ಆಗಿತ್ತು, ಅಂದರೆ ಸೋಂಕಿನಿಂದ ಇಡೀ ದೇಹವೇ ಕುಸಿಯುವ ಸ್ಥಿತಿ, ಬಿಪಿ 70/40. ರಾತ್ರಿ 9ಕ್ಕೆ ಮೊದಲ ಆ್ಯಂಟಿಬಯೋಟಿಕ್ ಕೊಟ್ಟೆವು. 6 ಗಂಟೆಗೊಮ್ಮೆ ಕೊಡುವ ಔಷಧ, ಅಂದರೆ 3ಕ್ಕೆ ಮತ್ತೆ ಕೊಡಬೇಕು. ಅಷ್ಟರಲ್ಲಿ ಎರಡು ಬೈಕ್ ಆಕ್ಸಿಡೆಂಟ್ ಕೇಸ್ ಬಂದವು. ಮೇಲಿನವರು ಕೆಳಗೆ ಕೊಟ್ಟಿರುತ್ತಾರೆ ಅಂದುಕೊಂಡರು, ನಾವು ಈಗ ಶಿಫ್ಟ್ ಆಗುತ್ತಲ್ಲ, ಅಲ್ಲೇ ಕೊಡುತ್ತಾರೆ ಅಂದುಕೊಂಡೆವು. ಕೇಸ್ ಶೀಟ್ ತಿರುವಿ ನೋಡಿದಾಗ ಗಂಟೆ ಐದೂವರೆ. ಎದೆ ಧಸಕ್ಕೆಂದಿತು.

ಆವತ್ತಿನಿಂದ ಬಿಳಿ ಪ್ಲಾಸ್ಟರ್ ತುಂಡಿನ ಮೇಲೆ ಮುಂದಿನ ಡೋಸ್ ಯಾವುದು, ಎಷ್ಟು ಗಂಟೆಗೆ ಅಂತ ದಪ್ಪಗೆ ಬರೆದು ಡ್ರಿಪ್ ಸ್ಟ್ಯಾಂಡಿಗೆ ಅಂಟಿಸುತ್ತೇನೆ. ಶೀಟ್ ಯಾರದೋ ಕೈಯಲ್ಲಿ ಓಡಾಡುತ್ತಿರುತ್ತದೆ, ಸ್ಟ್ಯಾಂಡ್ ಮಾತ್ರ ಪೇಷಂಟ್ ಬಿಟ್ಟು ಹೋಗುವುದಿಲ್ಲ.

ಉಳಿದದ್ದೂ ಹೀಗೇ ಪೆಟ್ಟು ತಿಂದು ಕಲಿತದ್ದೇ. ವೆಂಟಿಲೇಟರ್‌ನಲ್ಲಿ ಇರುವವರ ತಲೆ ಕಡೆ 30 ಡಿಗ್ರಿಯಾದರೂ ಎತ್ತಿರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ನಮ್ಮ ಟ್ರಾಲಿಯ ಹಿಡಿ ಮುರಿದು ಎಷ್ಟು ಕಾಲವಾಯಿತೋ, ಹಾಗಾಗಿ ಹಾಸಿಗೆ ಕೆಳಗೆ ಎರಡು ಕಂಬಳಿ ಮಡಚಿ ತುರುಕುತ್ತೇನೆ. ಬಿಪಿ ಏರಿಸಿ ಹಿಡಿಯುವ ನಾರ್‌ಅಡ್ರಿನಲಿನ್ ಔಷಧದ ಸಿರಿಂಜ್ ಪೂರ್ತಿ ಖಾಲಿಯಾಗುವವರೆಗೆ ಕಾಯಬಾರದು, ಬದಲಾಯಿಸುವ ಆ ಒಂದೆರಡು ನಿಮಿಷದಲ್ಲೇ ಬಿಪಿ ದಬಕ್ಕನೆ ಬೀಳುತ್ತದೆ. 10 ಎಂಎಲ್ ಉಳಿದಾಗಲೇ ಇನ್ನೊಂದು ಸಿರಿಂಜ್ ತುಂಬಿ ಪಕ್ಕದಲ್ಲಿ ಇಟ್ಟಿರುತ್ತೇನೆ. ಸಿಟಿ ಸ್ಕ್ಯಾನ್‌ಗೆ ಕರೆದುಕೊಂಡು ಹೋಗುವಾಗ ಆಕ್ಸಿಜನ್ ಸಿಲಿಂಡರ್ ಲೆಕ್ಕ ಹಾಕಲೇಬೇಕು: ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್, ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಅರ್ಧ ಖಾಲಿಯಾದದ್ದನ್ನೇ ಯಾರೋ ತಂದು ಇಟ್ಟಿರುತ್ತಾರೆ, ಗೇಜ್ ನೋಡದೆ ನಂಬಬೇಡಿ.

ಇನ್ನೊಂದು ವಿಷಯ. ಟ್ಯೂಬ್ ಹಾಕಲು ಮೈ ಸಡಿಲಿಸುವ ಇಂಜೆಕ್ಷನ್ ಕೊಟ್ಟಿರುತ್ತಾರೆ, ಕೆಲವದರ ಪ್ರಭಾವ ಅರ್ಧ ಗಂಟೆಗೂ ಮೀರಿ ಇರುತ್ತದೆ. ನಿದ್ದೆಯ ಔಷಧದ ಪ್ರಭಾವ ಅದಕ್ಕೂ ಮೊದಲೇ ಇಳಿದುಬಿಟ್ಟರೆ ಪೇಷಂಟ್‌ಗೆ ಎಚ್ಚರ ಇರುತ್ತದೆ, ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಪಲ್ಸ್ ಏರುತ್ತಾ ಕಣ್ಣಂಚಿನಲ್ಲಿ ನೀರು ಬಂದರೆ ನಾನು ಸುಮ್ನೆ ಕೂರುವುದಿಲ್ಲ, ಡಾಕ್ಟರನ್ನು ಎಬ್ಬಿಸುತ್ತೇನೆ.

ಅಜ್ಜಿಯ ಮಗ ಗಂಟೆಗೊಮ್ಮೆ ಬಂದು "ಬೆಡ್ ಆಯ್ತಾ ಸಿಸ್ಟರ್?" ಅಂತ ಕೇಳುತ್ತಿದ್ದರು. ಡೋಸ್ ತಡವಾಯಿತು ಅಂತ ಡಾಕ್ಟರ್ ಅವರಿಗೆ ಹೇಳಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಬೈಯಲಿಲ್ಲ. "ಈಗ ಕೊಟ್ರಾ?" ಅಂದರು, ಅಷ್ಟೇ. ಬೆಡ್ ಸಿಕ್ಕಾಗ ಬೆಳಗ್ಗೆ 8 ದಾಟಿತ್ತು.